ಇಂಗಿತ, ಖಾನೆ, ಸ್ಥಿತಿ: ಕಾರ್ಯಕೇಂದ್ರಿತ ಸಂವಾದಯಂತ್ರ ಮತ್ತು ಕನ್ನಡ ವಿಭಾಗಗಳ ಹೊಣೆ

1

ಕಂಪ್ಯೂಟರ್ ಮತ್ತು ಕನ್ನಡದ ಸಂಬಂಧವನ್ನು ಕುರಿತು ನಮ್ಮ ವಿದ್ವತ್ ವಲಯದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಲಿಪಿಯ ಚರ್ಚೆಯಾಗಿದೆ. ಕೀಲಿಮಣೆಯ ವಿನ್ಯಾಸ ಹೇಗಿರಬೇಕು, ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದುಕೊಳ್ಳುವುದೇ, ಒತ್ತಕ್ಷರಗಳು ಸರಿಯಾಗಿ ಮೂಡುವುವೇ ಎಂಬ ಪ್ರಶ್ನೆಗಳು ಬಹುಕಾಲ ನಮ್ಮನ್ನು ಕಾಡಿದವು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ದಿನಬಳಕೆಗೆ ಬರಲು ವರ್ಷಗಳೇ ಬೇಕಾದವು. ಆ ಚರ್ಚೆಗಳು ಅನಿವಾರ್ಯವಾಗಿದ್ದವು; ಅವುಗಳ ಫಲವನ್ನು ನಾವಿಂದು ಉಣ್ಣುತ್ತಿದ್ದೇವೆ. ಆದರೆ ಈಗ ಪ್ರಶ್ನೆಯ ಸ್ವರೂಪ ಬದಲಾಗಿದೆ. ಯಂತ್ರವು ಕನ್ನಡವನ್ನು ತೋರಿಸಬಲ್ಲದೇ ಎಂಬುದು ನಿನ್ನೆಯ ಪ್ರಶ್ನೆ. ಕನ್ನಡದಲ್ಲಿ ಹೇಳಿದ ಕೆಲಸವನ್ನು ಯಂತ್ರವು ಮಾಡಿಕೊಡಬಲ್ಲದೇ ಎಂಬುದು ಇಂದಿನ ಪ್ರಶ್ನೆ.

ಈ ಪ್ರಶ್ನೆ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಣ್ಣ ಘಟನೆಯಿಂದ. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಮನೆಗೆ ವಿದ್ಯುತ್ ಬಾರದಿದ್ದಾಗ ದೂರು ನೀಡಲು ಮೊಬೈಲಿನಲ್ಲಿದ್ದ ಸಂವಾದಯಂತ್ರವನ್ನು ಬಳಸಿದರು. ಅದು ಕನ್ನಡದಲ್ಲಿಯೇ ಸ್ವಾಗತ ಕೋರಿತು. ಅವರು ಬರೆದದ್ದು ಇಷ್ಟು: 'ಕರೆಂಟು ಕಟ್ಟಿ ಆಗಿದೆ, ಆದ್ರೂ ಎರಡು ದಿನದಿಂದ ಕರೆಂಟಿಲ್ಲ.' ಕೂಡಲೇ ಯಂತ್ರವು ಬಿಲ್ಲು ಪಾವತಿಸುವ ಕೊಂಡಿಯನ್ನು ಕಳುಹಿಸಿತು. ಅವರು ಮತ್ತೊಮ್ಮೆ ಬರೆದರು. ಕೊಂಡಿ ಮತ್ತೊಮ್ಮೆ ಬಂತು. ಮೂರನೆಯ ಬಾರಿಗೆ 'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ' ಎಂಬ ಉತ್ತರ. ಅವರು ಫೋನನ್ನು ಕೆಳಗಿಟ್ಟು ನನ್ನತ್ತ ತಿರುಗಿ, 'ನನಗೇ ಸರಿಯಾಗಿ ಬರೆಯೋಕೆ ಬರಲ್ಲ ಅನ್ಸುತ್ತೆ' ಎಂದರು. 'ಕರೆಂಟು ಕಟ್ಟುವುದು' ಎಂದರೆ ವಿದ್ಯುತ್ ಶುಲ್ಕ ಪಾವತಿಸುವುದು ಎಂಬುದು ಕನ್ನಡಿಗರೆಲ್ಲರಿಗೂ ತಿಳಿದ ಮಾತು. ಅವರ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಯಂತ್ರದ್ದಾಗಿದ್ದರೂ ಅದರ ಹೊರೆಯನ್ನು ಹೊತ್ತವರು ಎಪ್ಪತ್ತು ವರ್ಷ ಕನ್ನಡವನ್ನೇ ಆಡಿ ಬದುಕಿದ ವ್ಯಕ್ತಿ.

ಕಾರ್ಯಕೇಂದ್ರಿತ ಸಂವಾದಯಂತ್ರ, ಅಂದರೆ ಟಾಸ್ಕ್ ಓರಿಯೆಂಟೆಡ್ ಚಾಟ್‌ಬಾಟ್, ಯಾವ ಅಂಗಗಳಿಂದ ಕೂಡಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಬರಹದ ಮೊದಲ ಉದ್ದೇಶ. ಆ ಅಂಗಗಳಲ್ಲಿ ಪ್ರತಿಯೊಂದೂ ಮೂಲತಃ ಒಂದು ಭಾಷಿಕ ಪ್ರಶ್ನೆ, ಆದುದರಿಂದ ಕನ್ನಡ ವಿಭಾಗಗಳು ಈ ಕ್ಷೇತ್ರದಿಂದ ದೂರ ಉಳಿಯುವುದು ಸರಿಯಲ್ಲ ಎಂದು ವಾದಿಸುವುದು ಎರಡನೆಯ ಉದ್ದೇಶ.

2

ಯಂತ್ರದೊಡನೆ ಸಂಭಾಷಿಸುವ ಪ್ರಯತ್ನಕ್ಕೆ ಆರು ದಶಕಗಳ ಇತಿಹಾಸವಿದೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ರೂಪಿಸಿದ 'ಎಲೈಜಾ' ಎಂಬ ಕಾರ್ಯಕ್ರಮದ ವಿವರಗಳು 1966ರಲ್ಲಿ ಪ್ರಕಟವಾದವು. ಅದು ಮನೋಚಿಕಿತ್ಸಕನಂತೆ ವರ್ತಿಸುತ್ತಿತ್ತು. ಎದುರಿನವರ ವಾಕ್ಯದ ಒಂದು ಭಾಗವನ್ನು ಹಿಡಿದು ಅದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅದಕ್ಕೆ ಯಾವುದೂ ಅರ್ಥವಾಗುತ್ತಿರಲಿಲ್ಲ, ಯಾವ ಕೆಲಸವನ್ನೂ ಅದು ಮಾಡಿಕೊಡಬೇಕಾಗಿಯೂ ಇರಲಿಲ್ಲ. ಮಾತು ಮುಂದುವರಿದರೆ ಸಾಕಾಗಿತ್ತು.

ಕಾರ್ಯಕೇಂದ್ರಿತ ಸಂವಾದದ ಜಾಯಮಾನವೇ ಬೇರೆ. ಇಲ್ಲಿ ಮಾತು ಸಾಧನ, ಕೆಲಸ ಸಾಧ್ಯ. ಮಾತು ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು. 1977ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನ ಕೇಂದ್ರದ ಡೇನಿಯಲ್ ಬೊಬ್ರೊ, ಟೆರಿ ವಿನೊಗ್ರಾಡ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ 'ಗಸ್' ಎಂಬ ವ್ಯವಸ್ಥೆಯನ್ನು ಈ ಪರಂಪರೆಯ ಮೂಲಪುರುಷ ಎನ್ನಬಹುದು. ಕ್ಯಾಲಿಫೋರ್ನಿಯಾದ ಒಂದು ಊರಿಗೆ ವಿಮಾನದಲ್ಲಿ ಹೋಗಿಬರುವ ಪ್ರಯಾಣವನ್ನು ಗೊತ್ತುಮಾಡಿಕೊಡುವುದಷ್ಟೇ ಅದರ ಕೆಲಸ. ಅದರೊಳಗೆ ಒಂದು ಚೌಕಟ್ಟು ಇತ್ತು. ಚೌಕಟ್ಟಿನೊಳಗೆ ಊರು, ದಿನಾಂಕ, ವೇಳೆ ಮುಂತಾದ ಖಾಲಿ ಖಾನೆಗಳಿದ್ದವು. ಖಾಲಿ ಇರುವ ಖಾನೆಗಾಗಿ ಪ್ರಶ್ನೆ ಕೇಳುವುದು, ಉತ್ತರದಿಂದ ಅದನ್ನು ತುಂಬುವುದು, ಎಲ್ಲವೂ ತುಂಬಿದಾಗ ಕೆಲಸ ಪೂರೈಸುವುದು ಅದರ ಕ್ರಮ. ಸುಮಾರು ಅರ್ಧ ಶತಮಾನದ ಬಳಿಕವೂ ಬ್ಯಾಂಕು, ಆಸ್ಪತ್ರೆ, ಸಾರಿಗೆ, ಸರ್ಕಾರಿ ಸೇವೆಗಳ ಬಹುತೇಕ ಸಂವಾದಯಂತ್ರಗಳ ಒಳಗಿರುವುದು ಇದೇ ಚೌಕಟ್ಟು ಎಂಬುದು ಗಮನಾರ್ಹ.

3

ಒಂದು ಉದಾಹರಣೆಯ ಮೂಲಕ ಈ ಅಂಗಗಳನ್ನು ನೋಡೋಣ. ಬಸ್ಸಿನ ಸೀಟು ಕಾದಿರಿಸುವ ಯಂತ್ರವೊಂದಕ್ಕೆ ಪ್ರಯಾಣಿಕರೊಬ್ಬರು ಹೀಗೆ ಬರೆಯುತ್ತಾರೆಂದು ಭಾವಿಸೋಣ: 'ನಾಳೆ ಬೆಳಿಗ್ಗೆ ಮೈಸೂರಿನಿಂದ ಧಾರವಾಡಕ್ಕೆ ಎರಡು ಸೀಟು ಬೇಕಾಗಿತ್ತು.'

ಮೊದಲನೆಯ ಅಂಗ ಇಂಗಿತವನ್ನು ಗುರುತಿಸುವುದು. ತಂತ್ರಜ್ಞರು ಇದನ್ನು ಇಂಟೆಂಟ್ ಎನ್ನುತ್ತಾರೆ. ಹೇಳಿದವರು ಸೀಟು ಕಾದಿರಿಸಬಯಸುವರೇ, ರದ್ದುಮಾಡಬಯಸುವರೇ, ಬಸ್ಸಿನ ವೇಳೆಯನ್ನು ಮಾತ್ರ ವಿಚಾರಿಸುತ್ತಿರುವರೇ ಎಂಬುದನ್ನು ಮೊದಲೇ ಗೊತ್ತುಮಾಡಿದ ಕೆಲವು ವರ್ಗಗಳಲ್ಲಿ ಒಂದಕ್ಕೆ ಸೇರಿಸುವ ಕೆಲಸ ಇದು. ಎರಡನೆಯದು ವಿವರಗಳನ್ನು ಹೆಕ್ಕಿ ಖಾನೆಗಳಿಗೆ ತುಂಬುವುದು. ಹೊರಡುವ ಊರು ಮೈಸೂರು, ತಲುಪುವ ಊರು ಧಾರವಾಡ, ದಿನ ನಾಳೆ, ಸಂಖ್ಯೆ ಎರಡು. ಇಲ್ಲಿ 'ನಾಳೆ' ಎಂಬುದನ್ನು ಪಂಚಾಂಗದ ಒಂದು ದಿನಾಂಕವಾಗಿಯೂ 'ಬೆಳಿಗ್ಗೆ' ಎಂಬುದನ್ನು ಗಡಿಯಾರದ ಒಂದು ಅವಧಿಯಾಗಿಯೂ ಪರಿವರ್ತಿಸಬೇಕಾಗುತ್ತದೆ.

ಮೂರನೆಯದು ಸಂವಾದದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವುದು. ಪ್ರಯಾಣಿಕರು ಮುಂದಿನ ಸರದಿಯಲ್ಲಿ 'ಅಲ್ಲ, ಮೂರು' ಎಂದಷ್ಟೇ ಬರೆದರೆ, ಊರು ಮತ್ತು ದಿನಗಳನ್ನು ಹಾಗೆಯೇ ಉಳಿಸಿಕೊಂಡು ಸಂಖ್ಯೆಯನ್ನು ಮಾತ್ರ ಬದಲಿಸಬೇಕು. ನಾಲ್ಕನೆಯದು ಮುಂದಿನ ನಡೆಯ ನಿರ್ಧಾರ. ಇನ್ನೊಂದು ಪ್ರಶ್ನೆ ಕೇಳಬೇಕೇ, ತಿಳಿದದ್ದನ್ನು ಖಚಿತಪಡಿಸಿಕೊಳ್ಳಬೇಕೇ, ದತ್ತಾಂಶದಲ್ಲಿ ಬಸ್ಸುಗಳನ್ನು ಹುಡುಕಬೇಕೇ, ಅಥವಾ ಕೈಲಾಗದೆಂದು ಒಪ್ಪಿಕೊಂಡು ಮನುಷ್ಯ ಸಿಬ್ಬಂದಿಗೆ ಒಪ್ಪಿಸಬೇಕೇ ಎಂಬುದನ್ನು ಇದು ತೀರ್ಮಾನಿಸುತ್ತದೆ. ಐದನೆಯದು ಉತ್ತರದ ರಚನೆ. ತೀರ್ಮಾನವನ್ನು ವಾಕ್ಯವಾಗಿಸಿ ಹೇಳುವುದು. ಇವುಗಳ ಹಿಂದೆ ಆರನೆಯದಾಗಿ ಸೀಟಿನ ಲೆಕ್ಕ, ಹಣದ ಲೆಕ್ಕಗಳನ್ನು ಇಡುವ ವ್ಯವಸ್ಥೆಯೊಡನೆ ಸಂಪರ್ಕವಿರುತ್ತದೆ. ಧ್ವನಿಯ ಮೂಲಕ ನಡೆಯುವ ಸಂವಾದವಾದರೆ ಮಾತನ್ನು ಬರಹವಾಗಿಸುವ ಮತ್ತು ಬರಹವನ್ನು ಮಾತಾಗಿಸುವ ಎರಡು ಅಂಗಗಳು ಆದಿ ಅಂತ್ಯಗಳಲ್ಲಿ ಸೇರಿಕೊಳ್ಳುತ್ತವೆ.

ಈ ವಿಭಜನೆಯಲ್ಲಿ ಆರನೆಯದೊಂದನ್ನು ಬಿಟ್ಟರೆ ಉಳಿದ ಐದೂ ಭಾಷೆಯ ಅಧ್ಯಯನಕ್ಕೆ ಸಂಬಂಧಿಸಿದವು ಎಂಬುದು ಸುಲಭವಾಗಿ ಕಾಣುತ್ತದೆ. ಆದರೆ ಯಾವ ಭಾಷೆಯ ಅಧ್ಯಯನ ಎಂಬಲ್ಲಿಯೇ ತೊಡಕಿದೆ.

4

ಚೌಕಟ್ಟು ರೂಪುಗೊಂಡದ್ದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ಒಗ್ಗಿಸುವುದೆಂದರೆ ಪದಗಳನ್ನು ಅನುವಾದಿಸುವುದೆಂದು ತಿಳಿದಿರುವವರೇ ಹೆಚ್ಚು. ಮೇಲಿನ ವಾಕ್ಯವನ್ನೇ ಮತ್ತೆ ಪರಿಶೀಲಿಸಿದರೆ ಈ ತಿಳಿವಳಿಕೆಯ ಕೊರತೆ ಗೋಚರವಾಗುತ್ತದೆ.

'ಬೇಕಾಗಿತ್ತು' ಎಂಬ ಕ್ರಿಯಾರೂಪ ಭೂತಕಾಲದ್ದು. ಆದರೆ ಹೇಳಿದವರಿಗೆ ಸೀಟು ಬೇಕಾಗಿರುವುದು ಈಗ. ಕನ್ನಡದ ಸೌಜನ್ಯವು ಬೇಡಿಕೆಯನ್ನು ಭೂತಕಾಲಕ್ಕೆ ಸರಿಸಿ ಮೃದುಗೊಳಿಸುತ್ತದೆ. ಅಂಗಡಿಯಲ್ಲಿ 'ಒಂದು ಕೆಜಿ ಸಕ್ಕರೆ ಬೇಕಿತ್ತು' ಎನ್ನುವವರಿಗೆ ಅಂಗಡಿಯವರು 'ಈಗ ಬೇಡವೇ?' ಎಂದು ಕೇಳುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಕುಂದಾಪುರದ ಕಡೆಯವರು 'ಬಸ್ ಇತ್ತಾ?' ಎಂದು ಕೇಳಿದರೆ ಅವರು ವಿಚಾರಿಸುತ್ತಿರುವುದು ಈಗ ಬಸ್ಸು ಇದೆಯೇ ಎಂದು. ಮಂಗಳೂರಿನವರು 'ಉಂಟಾ' ಎನ್ನುತ್ತಾರೆ, ಧಾರವಾಡದವರು 'ಐತೇನ್ರಿ' ಎನ್ನುತ್ತಾರೆ. ಪಠ್ಯಪುಸ್ತಕದ 'ಇದೆಯೇ' ಎಂಬುದೊಂದನ್ನೇ ಕಲಿತ ಯಂತ್ರವು ರಾಜ್ಯದ ಅರ್ಧಭಾಗಕ್ಕೆ ಕಿವುಡಾಗುತ್ತದೆ.

ವಿಭಕ್ತಿಯ ವಿಷಯ ಇನ್ನೂ ಗಂಭೀರವಾದದ್ದು. 'ಅಮ್ಮನಿಗೆ ನಾಳೆ ಎಂಟಕ್ಕೆ ಧಾರವಾಡಕ್ಕೆ ಒಂದು ಸೀಟು' ಎಂಬ ಮಾತಿನಲ್ಲಿ ಮೂರು ಚತುರ್ಥಿಗಳಿವೆ. ಮೊದಲನೆಯದು ಪ್ರಯಾಣಿಸುವವರನ್ನು, ಎರಡನೆಯದು ವೇಳೆಯನ್ನು, ಮೂರನೆಯದು ತಲುಪುವ ಊರನ್ನು ಸೂಚಿಸುತ್ತದೆ. 'ಐನೂರಕ್ಕೆ ಸಿಗುತ್ತದೆಯೇ' ಎಂದರೆ ಅದೇ ಪ್ರತ್ಯಯ ಬೆಲೆಯನ್ನು ಸೂಚಿಸುತ್ತದೆ. ಹಾಗೆಯೇ 'ಇಂದ' ಎಂಬುದು 'ಮೈಸೂರಿನಿಂದ' ಎಂಬಲ್ಲಿ ಹೊರಡುವ ಸ್ಥಳವನ್ನೂ, 'ಕಾರ್ಡಿನಿಂದ ಕಟ್ಟುತ್ತೇನೆ' ಎಂಬಲ್ಲಿ ಸಾಧನವನ್ನೂ, 'ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ' ಎಂಬಲ್ಲಿ ಕಾಲದ ಆರಂಭವನ್ನೂ ಹೇಳುತ್ತದೆ. ಪ್ರತ್ಯಯ ಒಂದು, ಕಾರಕ ಹಲವು ಎಂಬ ಈ ಸಮಸ್ಯೆ ನಮಗೆ ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜನಿಂದ ಮೊದಲ್ಗೊಂಡು 1604ರಲ್ಲಿ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನವರೆಗೆ ನಮ್ಮ ವೈಯಾಕರಣರು ವಿಭಕ್ತಿಗಳ ಸ್ವರೂಪ ಮತ್ತು ಪ್ರಯೋಗಗಳನ್ನು ಚರ್ಚಿಸಿದ್ದಾರೆ. ತರಗತಿಯಲ್ಲಿ ಅಂಕಗಳಿಗಾಗಿ ಕಲಿಸುವ ಈ ವಿಷಯವು ಸೀಟು ಯಾವ ಊರಿಗೆ ಎಂಬುದನ್ನು ನಿರ್ಧರಿಸುವ ಪ್ರಾಯೋಗಿಕ ವಿಷಯವಾಗಿ ಮರಳಿ ಬಂದಿದೆ.

ಸಂಖ್ಯಾವಾಚಕಗಳನ್ನು ನೋಡಿ. 'ನಾಲ್ಕೈದು ಸೀಟು' ಎಂದರೆ ನಲವತ್ತೈದಲ್ಲ, ಒಂಬತ್ತೂ ಅಲ್ಲ. ನಾಲ್ಕೋ ಐದೋ ಎಂಬ ಅನಿಶ್ಚಯ. ಆಗ ಯಂತ್ರವು ಮರುಪ್ರಶ್ನೆ ಕೇಳಲೇಬೇಕು. 'ನಾಳೆ ರಾತ್ರಿ ಹನ್ನೆರಡೂವರೆ' ಎಂದರೆ ಪಂಚಾಂಗದ ಲೆಕ್ಕದಲ್ಲಿ ಯಾವ ದಿನ? ನಮ್ಮ ಆಡುಮಾತಿನಲ್ಲಿ ರಾತ್ರಿಯು ಬೆಳಗಾಗುವವರೆಗೆ ಹಿಂದಿನ ದಿನಕ್ಕೇ ಸೇರಿರುತ್ತದೆ. ಗಡಿಯಾರದ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ಇಲ್ಲಿ ಖಚಿತಪಡಿಸಿಕೊಳ್ಳದ ಯಂತ್ರವು ಒಂದು ಕುಟುಂಬವನ್ನು ಇಡೀ ದಿನ ಮುಂಚೆ ಅಥವಾ ತಡವಾಗಿ ನಿಲ್ದಾಣಕ್ಕೆ ಕಳುಹಿಸೀತು.

ನಿಷೇಧದ ಪ್ರಶ್ನೆಯಂತೂ ಸಂವಾದದ ಸ್ಥಿತಿಗೆ ನೇರವಾಗಿ ಸಂಬಂಧಿಸಿದ್ದು. ಇಂಗ್ಲಿಷಿನವರು 'ನೋ' ಎಂಬ ಒಂದು ಪದದಿಂದ ಸಾಧಿಸುವುದನ್ನು ಕನ್ನಡವು ಅಲ್ಲ, ಇಲ್ಲ, ಬೇಡ ಎಂಬ ಮೂರು ಪದಗಳಿಗೆ ಹಂಚಿದೆ. 'ಧಾರವಾಡಕ್ಕಲ್ಲ, ಹುಬ್ಬಳ್ಳಿಗೆ' ಎಂದರೆ ಒಂದು ಖಾನೆಯ ತಿದ್ದುಪಡಿ. 'ಬೇಡ' ಎಂದರೆ ಮುಂದಿಟ್ಟ ಆಯ್ಕೆಯ ಅಥವಾ ಇಡೀ ಕೆಲಸದ ನಿರಾಕರಣೆ. 'ಇಲ್ಲ' ಎಂದರೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ, ಅಥವಾ ಒಂದು ಸಂಗತಿಯ ಅಭಾವ. ಹೀಗೆ ನಮ್ಮ ಭಾಷೆಯೇ ಯಂತ್ರಕ್ಕೆ ಬೇಕಾದ ಭೇದವನ್ನು ಮುಂಗಡವಾಗಿ ಮಾಡಿಕೊಟ್ಟಿದೆ. ಆದರೆ ಕನ್ನಡದ ಮಾತನ್ನು ಮೊದಲು ಇಂಗ್ಲಿಷಿಗೆ ಅನುವಾದಿಸಿ, ಅಲ್ಲಿ ವಿಶ್ಲೇಷಿಸಿ, ಉತ್ತರವನ್ನು ಮತ್ತೆ ಕನ್ನಡಕ್ಕೆ ತರುವ ಅಗ್ಗದ ಮಾರ್ಗವನ್ನು ಹಿಡಿದರೆ ಮೂರೂ ಒಂದೇ 'ನೋ' ಆಗಿ ಕರಗಿಹೋಗುವ ಅಪಾಯವಿದೆ. ಕನ್ನಡದಲ್ಲಿ ಸ್ಪಷ್ಟವಾಗಿದ್ದುದು ಸೇತುವೆ ದಾಟುವಾಗ ಅಸ್ಪಷ್ಟವಾಗುತ್ತದೆ. ಆ ಅಸ್ಪಷ್ಟತೆಯನ್ನು ಬಳಿಕ ಕನ್ನಡದ ಮೇಲೆಯೇ ಹೊರಿಸಲಾಗುತ್ತದೆ.

ಕೊನೆಯದಾಗಿ ಉತ್ತರದ ರಚನೆ. 'ನಿಮ್ಮ ವಿನಂತಿಯು ಯಶಸ್ವಿಯಾಗಿ ಸ್ವೀಕರಿಸಲ್ಪಟ್ಟಿದೆ' ಎಂಬಂಥ ವಾಕ್ಯಗಳನ್ನು ನಾವೆಲ್ಲರೂ ಓದಿದ್ದೇವೆ. ಬಸ್ಸಿನ ಕಂಡಕ್ಟರು 'ಎಲ್ಲಿಗೆ?' ಎಂಬ ಒಂದೇ ಪದದಿಂದ ಕೇಳುವುದನ್ನು ಯಂತ್ರವು 'ದಯವಿಟ್ಟು ನಿಮ್ಮ ಗಮ್ಯಸ್ಥಾನವನ್ನು ನಮೂದಿಸಿ' ಎಂದು ಕೇಳುತ್ತದೆ. ಗಮ್ಯಸ್ಥಾನ ಎಂಬ ಪದ ತಿಳಿಯದವರು ಬಸ್ಸಿನಲ್ಲಿ ಓಡಾಡಬಾರದೇ? 'ಯಾವ ಊರಿಗೆ ಹೋಗಬೇಕು?' ಎಂದರೆ ಗೌರವವೂ ಉಳಿಯುತ್ತದೆ, ಅರ್ಥವೂ ಆಗುತ್ತದೆ. ಹಾಗೆಯೇ ಸಂಭಾಷಣೆಯ ಕೊನೆಗೆ 'ಸರಿ, ಬರ್ತೀನಿ' ಎಂದವರು ಹೊರಟಿದ್ದಾರೆ, ಬರುತ್ತಿಲ್ಲ. 'ಆಗಲಿ, ನೋಡೋಣ' ಎಂದವರು ಬಹಳ ಸಲ ಬೇಡವೆಂದೇ ಹೇಳಿರುತ್ತಾರೆ. ಇವನ್ನು ತಿಳಿಯಲು ನಿಘಂಟು ಸಾಲದು, ಬಳಕೆಯ ಅರಿವು ಬೇಕು.

5

ಭಾರತೀಯ ಶಾಸ್ತ್ರಪರಂಪರೆಯಲ್ಲಿ ವಾಕ್ಯಾರ್ಥವು ಹೇಗೆ ಉಂಟಾಗುತ್ತದೆ ಎಂಬುದನ್ನು ಮೀಮಾಂಸಕರೂ ನೈಯಾಯಿಕರೂ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಅನ್ನಂಭಟ್ಟನ ತರ್ಕಸಂಗ್ರಹವು ವಾಕ್ಯಾರ್ಥಜ್ಞಾನಕ್ಕೆ ಕಾರಣಗಳೆಂದು ಹೇಳುತ್ತದೆ. ಒಂದು ಪದವು ಅರ್ಥಪೂರ್ತಿಗಾಗಿ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಪದಗಳ ಅರ್ಥಗಳು ಪರಸ್ಪರ ಹೊಂದುವುದು ಯೋಗ್ಯತೆ. ಬೆಂಕಿಯಿಂದ ನೆನೆಸುತ್ತಾನೆ ಎಂಬಲ್ಲಿ ಅದು ಇಲ್ಲ. ಪದಗಳು ವಿಳಂಬವಿಲ್ಲದೆ ಒಂದರ ಬಳಿ ಒಂದು ಉಚ್ಚರಿತವಾಗುವುದು ಸನ್ನಿಧಿ.

ಸಂವಾದಯಂತ್ರದ ಅಂಗಗಳನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಈ ಮೂರು ಪರಿಭಾಷೆಗಳು ನನಗೆ ನೆರವಾಗಿವೆ. ಖಾಲಿ ಖಾನೆ ಎಂಬುದು ಆಕಾಂಕ್ಷೆಯೇ. 'ಸೀಟು ಬೇಕು' ಎಂದ ಕೂಡಲೇ ಎಲ್ಲಿಂದ, ಎಲ್ಲಿಗೆ, ಯಾವಾಗ, ಎಷ್ಟು ಎಂಬ ಅಪೇಕ್ಷೆಗಳು ಹುಟ್ಟುತ್ತವೆ. ಫೆಬ್ರವರಿ 30ಕ್ಕೆ ಸೀಟು ಕೇಳಿದರೆ, ಅಥವಾ ಮೈಸೂರಿನಿಂದ ಮೈಸೂರಿಗೆ ಕೇಳಿದರೆ ಯೋಗ್ಯತೆಯ ಅಭಾವ. ಅದನ್ನು ಯಂತ್ರವು ಪರೀಕ್ಷಿಸಿ ತಿಳಿಸಬೇಕು. ಸನ್ನಿಧಿಯ ವಿಷಯದಲ್ಲಿ ಮಾತ್ರ ಒಂದು ವ್ಯತ್ಯಾಸವಿದೆ. ಶಾಸ್ತ್ರಕಾರರು ಹೊತ್ತುಹೊತ್ತಿಗೆ ಬಿಡಿಸಿ ಹೇಳಿದ ಪದಗಳು ವಾಕ್ಯವಾಗುವುದಿಲ್ಲ ಎಂದರು. ಮೊಬೈಲಿನ ಸಂವಾದದಲ್ಲಿಯಾದರೋ ಮನುಷ್ಯರು ಬೆಳಿಗ್ಗೆ ಒಂದು ಪದ, ಮಧ್ಯಾಹ್ನ ಇನ್ನೊಂದು ಪದ ಬರೆಯುತ್ತಾರೆ. ಕಳೆದುಹೋದ ಸನ್ನಿಧಿಯನ್ನು ನೆನಪಿನ ಮೂಲಕ ಮತ್ತೆ ಕಟ್ಟುವುದೇ ಸಂವಾದಸ್ಥಿತಿಯ ಕೆಲಸ.

ಇಲ್ಲಿ ಒಂದು ಎಚ್ಚರವನ್ನು ಹೇಳಬೇಕು. ಇದರಿಂದ ಕಂಪ್ಯೂಟರ್ ವಿಜ್ಞಾನವು ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ಅಂಥ ಹೆಮ್ಮೆಯಿಂದ ಒಂದು ಸೀಟೂ ಕಾದಿರಿಸಲ್ಪಡುವುದಿಲ್ಲ. ಶಾಸ್ತ್ರಕಾರರ ಪ್ರಶ್ನೆ ಶಾಬ್ದಬೋಧದ್ದು; ತಂತ್ರಜ್ಞರ ಪ್ರಶ್ನೆ ಕಾರ್ಯಸಿದ್ಧಿಯದು. ಆದರೆ ಮಾತಿನಲ್ಲಿ ಹೇಳದೆ ಉಳಿದದ್ದು ಯಾವುದು, ಅದನ್ನು ಕೇಳುವವನು ಹೇಗೆ ತುಂಬಿಕೊಳ್ಳುತ್ತಾನೆ ಎಂಬ ಚಿಂತನೆಯಲ್ಲಿ ಪಳಗಿದ ಪರಂಪರೆಯೊಂದು ನಮ್ಮ ವಿಭಾಗಗಳಲ್ಲಿ ಇನ್ನೂ ಜೀವಂತವಾಗಿದೆ. ಆ ಪರಿಣತಿ ಕೆಲಸಕ್ಕೆ ಬರುವ ಸಂದರ್ಭ ಇದು ಎಂಬುದಷ್ಟೇ ನನ್ನ ಮಾತು.

6

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬೃಹತ್ ಭಾಷಾಮಾದರಿಗಳು ಇಂಗಿತ, ಖಾನೆ ಮುಂತಾದ ಬಿಡಿಬಿಡಿ ಅಂಗಗಳನ್ನು ಅನಗತ್ಯಗೊಳಿಸಿವೆ, ಆದ್ದರಿಂದ ಈ ಚರ್ಚೆಯೇ ಹಳತು. ಈ ಆಕ್ಷೇಪದಲ್ಲಿ ಸ್ವಲ್ಪ ನಿಜವಿದೆ. ಈ ಮಾದರಿಗಳು ಕನ್ನಡದ ವೈವಿಧ್ಯವನ್ನು ಹಿಂದಿನ ವ್ಯವಸ್ಥೆಗಳಿಗಿಂತ ಬಹಳ ಚೆನ್ನಾಗಿ ಗ್ರಹಿಸುತ್ತವೆ. ನಾನು ಮೇಲೆ ಕೊಟ್ಟ ಹಲವು ಉದಾಹರಣೆಗಳನ್ನು ಅವು ಸರಿಯಾಗಿಯೇ ಬಿಡಿಸಿಯಾವು. ಆದರೆ ಸೀಟು ಕಾದಿರಿಸುವ ವ್ಯವಸ್ಥೆಗೆ ಕೊನೆಗೂ ತಲುಪಬೇಕಾದದ್ದು ಊರು, ದಿನಾಂಕ, ಸಂಖ್ಯೆ ಎಂಬ ಖಾನೆಗಳೇ. ಮಾದರಿಯು ಆ ಖಾನೆಗಳನ್ನು ತುಂಬಿ ಹೊರಗಿನ ವ್ಯವಸ್ಥೆಯನ್ನು ಕರೆಯಬೇಕು. ಅಂಗಗಳು ಮಾಯವಾಗಿಲ್ಲ, ಒಳಗೆ ಸೇರಿಕೊಂಡಿವೆ. ಹಿಂದಿನ ಯಂತ್ರಕ್ಕೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತಿತ್ತು; ಈಗಿನದು ಅರ್ಥವಾಗದಿದ್ದರೂ ಸೊಗಸಾದ ಕನ್ನಡದಲ್ಲಿ ತಪ್ಪು ದಿನಾಂಕವನ್ನು ಹೇಳಬಲ್ಲದು. ನಿರರ್ಗಳತೆಯು ಪ್ರಾಮಾಣ್ಯವಲ್ಲ. ಆದುದರಿಂದ ಯಾವ ಖಾನೆಯಲ್ಲಿ ಯಂತ್ರವು ಎಡವಿತು ಎಂದು ಪರೀಕ್ಷಿಸುವ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಇದರ ಜೊತೆಗೆ ಖರ್ಚಿನ ಪ್ರಶ್ನೆಯೂ ಇದೆ. ವ್ಯಾಪಕ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷ್ ಪಠ್ಯವನ್ನೇ ಮುಖ್ಯವಾಗಿ ನೋಡಿ ಪದಗಳನ್ನು ತುಂಡರಿಸಲು ಕಲಿತ ಮಾದರಿಗಳು ಕನ್ನಡದ ಪದವನ್ನು ಹೆಚ್ಚು ಚೂರುಗಳಾಗಿ ಒಡೆಯುತ್ತವೆ. ಚೂರು ಹೆಚ್ಚಿದಷ್ಟೂ ವೆಚ್ಚವೂ ಹೆಚ್ಚು.

ಎರಡನೆಯ ಆಕ್ಷೇಪ: ಇದು ಎಂಜಿನಿಯರುಗಳ ಕೆಲಸ, ಸಾಹಿತ್ಯ ವಿಭಾಗದವರಿಗೆ ಇಲ್ಲೇನಿದೆ? ಇದಕ್ಕೆ ಈಗಾಗಲೇ ಉತ್ತರಿಸಿದ್ದೇನೆಂದು ಭಾವಿಸುತ್ತೇನೆ. ಎಂಜಿನಿಯರುಗಳು ಕೈಕಟ್ಟಿ ಕುಳಿತಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷಾದತ್ತಾಂಶ ಸಂಗ್ರಹದ ಯೋಜನೆಯಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಮಾದರಿಗಳನ್ನು ಮುಕ್ತವಾಗಿ ನೀಡಿದೆ. ಕೇಂದ್ರ ಸರ್ಕಾರದ 'ಭಾಷಿಣಿ' 2022ರ ಜುಲೈನಲ್ಲಿ ಆರಂಭವಾಯಿತು. ಈ ಕೆಲಸಗಳು ಶ್ಲಾಘನೀಯ. ಆದರೆ 'ಬೇಕಾಗಿತ್ತು' ಎಂಬುದು ಸೌಜನ್ಯವೋ ಭೂತಕಾಲವೋ ಎಂದು ಗುರುತು ಹಾಕಿಕೊಡಬೇಕಾದವರು ಕನ್ನಡವನ್ನು ಬಲ್ಲವರು. ನಾವು ಮಾಡದಿದ್ದರೆ ಆ ಗುರುತನ್ನು ಯಾರೋ ಅವಸರದಲ್ಲಿ, ಒಂದು ಪ್ರದೇಶದ ಒಂದು ವರ್ಗದ ಕನ್ನಡವನ್ನೇ ಪ್ರಮಾಣವೆಂದು ಭಾವಿಸಿ ಹಾಕುತ್ತಾರೆ.

7

2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು 4.37 ಕೋಟಿ ಜನ. ಇವರಲ್ಲಿ ಹೆಚ್ಚಿನವರು ಶಿಷ್ಟಗನ್ನಡದಲ್ಲಿ ಬರೆಯುವವರಲ್ಲ. ಇನ್ನು ಮುಂದೆ ಪಿಂಚಣಿ, ಪಡಿತರ, ಬೆಳೆವಿಮೆ, ಆಸ್ಪತ್ರೆಯ ಸರದಿ ಮೊದಲಾದ ವಿಷಯಗಳಲ್ಲಿ ಅವರು ಮೊದಲು ಎದುರಾಗುವುದು ಕಚೇರಿಯ ಗುಮಾಸ್ತರಿಗಲ್ಲ, ಯಂತ್ರಕ್ಕೆ. ಆ ಯಂತ್ರವು ಅವರ ಮಾತನ್ನು ತಿಳಿಯದಿದ್ದರೆ ಎರಡರಲ್ಲೊಂದು ಆಗುತ್ತದೆ. ಒಂದೋ ಅವರು ಸೇವೆಯಿಂದ ವಂಚಿತರಾಗುತ್ತಾರೆ. ಇಲ್ಲವೇ ಯಂತ್ರಕ್ಕೆ ಒಪ್ಪುವಂತೆ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ. ವೈಜೆನ್‌ಬಾಮ್ ತಮ್ಮ ಕಾರ್ಯಕ್ರಮಕ್ಕೆ ಎಲೈಜಾ ಎಂಬ ಹೆಸರನ್ನು ಬರ್ನಾರ್ಡ್ ಷಾ ಅವರ 'ಪಿಗ್ಮಾಲಿಯನ್' ನಾಟಕದ ಹೂಮಾರುವ ಹುಡುಗಿಯಿಂದ ಆರಿಸಿಕೊಂಡರು. ನಾಟಕದಲ್ಲಿ ಅವಳಿಗೆ ಶಿಷ್ಟರ ಮಾತನ್ನು ಕಲಿಸಲಾಗುತ್ತದೆ; ಹಾಗೆಯೇ ಯಂತ್ರಕ್ಕೂ ಮಾತು ಕಲಿಸಬಹುದೆಂಬುದು ಹೆಸರಿನ ಆಶಯ. ಈಗ ಪಾಠ ಹೇಳುವವರು ಕಲಿಯುವವರು ಅದಲುಬದಲಾಗುತ್ತಿದ್ದಾರೆ. ಜನರೇ ಯಂತ್ರದಿಂದ ಮಾತು ಕಲಿಯಬೇಕಾದ ಸ್ಥಿತಿ ಬರಬಾರದು.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಸೂಚಿಸಬಯಸುತ್ತೇನೆ. ಒಂದು, ಸ್ನಾತಕೋತ್ತರ ಹಂತದ ಭಾಷಾಶಾಸ್ತ್ರ ಪತ್ರಿಕೆಯಲ್ಲಿ ಸಂಭಾಷಣೆಯ ವಿಶ್ಲೇಷಣೆಗೆ ಸ್ಥಾನ ಕೊಡಬೇಕು. ನಮ್ಮ ಪಠ್ಯಕ್ರಮವು ಧ್ವನಿಮಾ, ಆಕೃತಿಮಾ, ವಾಕ್ಯಗಳವರೆಗೆ ಬಂದು ನಿಂತುಬಿಡುತ್ತದೆ. ಇಬ್ಬರು ಮಾತನಾಡುವಾಗ ಏನಾಗುತ್ತದೆ ಎಂಬುದನ್ನು ಕಲಿಸುವುದು ಅಪರೂಪ. ಎರಡು, ನಿಜವಾದ ಕಾರ್ಯಸಂವಾದಗಳ ಸಂಗ್ರಹವಾಗಬೇಕು. ಇದಕ್ಕೆ 'ವಿಜಾರ್ಡ್ ಆಫ್ ಆಜ್' ಎಂಬ ಸರಳ ವಿಧಾನವಿದೆ. ತೆರೆಯ ಹಿಂದೆ ಮನುಷ್ಯರೇ ಕುಳಿತು ಯಂತ್ರದ ಪಾತ್ರ ವಹಿಸುತ್ತಾರೆ, ಈಚೆ ಇರುವವರು ತಮ್ಮ ಸಹಜ ಮಾತಿನಲ್ಲಿ ಕೆಲಸ ಹೇಳುತ್ತಾರೆ. ದೊಡ್ಡ ಯಂತ್ರಾಗಾರ ಬೇಕಿಲ್ಲ. ಕ್ಷೇತ್ರಕಾರ್ಯದಲ್ಲಿ ಪಳಗಿದ ಜಾನಪದ ವಿದ್ಯಾರ್ಥಿಗಳು ಬೀದರಿನಿಂದ ಚಾಮರಾಜನಗರದವರೆಗೆ ಇದನ್ನು ಮಾಡಬಲ್ಲರು. ಭಾಗವಹಿಸಿದವರ ಒಪ್ಪಿಗೆ ಪಡೆದು, ಹೆಸರು ವಿಳಾಸಗಳನ್ನು ತೆಗೆದುಹಾಕಿ, ಆ ಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿಡಬೇಕು. ಮೂರು, ಸಾರ್ವಜನಿಕ ಸೇವೆಗೆ ಬರುವ ಪ್ರತಿಯೊಂದು ಕನ್ನಡ ಸಂವಾದಯಂತ್ರವನ್ನೂ ಪ್ರದೇಶವಾರು ಪರೀಕ್ಷಿಸಬೇಕು. ಸರಾಸರಿಯ ಅಂಕ ಸಾಲದು. ಕಲಬುರಗಿಯ ರೈತನ ಕೆಲಸ ಮುಗಿಯಿತೇ, ಉಡುಪಿಯ ಮೀನುಗಾರ್ತಿಯ ಕೆಲಸ ಮುಗಿಯಿತೇ ಎಂದು ಬೇರೆಬೇರೆಯಾಗಿ ನೋಡಬೇಕು. ನಾಲ್ಕು, ಎರಡು ಬಾರಿ ಅರ್ಥವಾಗದಿದ್ದರೆ ಮೂರನೆಯ ಬಾರಿ ಮನುಷ್ಯರಿಗೆ ಒಪ್ಪಿಸುವುದು ಕಡ್ಡಾಯವಾಗಬೇಕು. ಇದು ತಾಂತ್ರಿಕ ಸೌಲಭ್ಯವಲ್ಲ, ನಾಗರಿಕರ ಹಕ್ಕು.

ಈ ಕೆಲಸಗಳಿಂದ ನಮಗೂ ಲಾಭವಿದೆ. ಆಡುಗನ್ನಡದ ವ್ಯಾಕರಣವನ್ನು ಕುರಿತು ನಮಗಿರುವ ತಿಳಿವಳಿಕೆ ಅಸಮಗ್ರ. ಯಂತ್ರಕ್ಕೆ ಕಲಿಸಲು ಹೊರಟಾಗ ನಾವು ಯಾವುದನ್ನು ತಿಳಿದಿದ್ದೇವೆಂದು ಭಾವಿಸಿದ್ದೆವೋ ಅದು ನಮಗೆ ತಿಳಿದಿಲ್ಲವೆಂಬುದು ಗೊತ್ತಾಗುತ್ತದೆ. ಅಂಥ ಅರಿವು ಯಾವ ಶಾಸ್ತ್ರಕ್ಕಾದರೂ ಒಳ್ಳೆಯದು.

ಒಟ್ಟಿನಲ್ಲಿ ಹೇಳುವುದಾದರೆ, ಸಂವಾದಯಂತ್ರದ ಅಂಗಗಳನ್ನು ತಿಳಿಯುವುದು ಒಂದು ತಂತ್ರವನ್ನು ತಿಳಿಯುವುದಷ್ಟೇ ಅಲ್ಲ. ಮಾತು ಕೆಲಸವಾಗುವ ಬಗೆಯನ್ನು ತಿಳಿಯುವುದು. ಆ ಹಿರಿಯರ ಮನೆಗೆ ಮರುದಿನ ವಿದ್ಯುತ್ ಬಂತು. ಅವರು ನಡೆದುಹೋಗಿ ಕಚೇರಿಯಲ್ಲಿ ಹೇಳಿದ್ದರು, ಅದೇ ವಾಕ್ಯವನ್ನು. ಅಲ್ಲಿದ್ದವರಿಗೆ ಅದು ಮೊದಲ ಸಲಕ್ಕೇ ಅರ್ಥವಾಯಿತು. ನಾವು ಕಟ್ಟುವ ಯಂತ್ರಗಳಿಗೂ ಅಷ್ಟು ಕನ್ನಡ ಬರಬೇಕು ಎಂದು ಬಯಸುವುದು ಅತಿಯಾದ ಆಸೆಯಲ್ಲ. ಆದರೆ ಅದು ತಾನಾಗಿ ಆಗುವ ಕೆಲಸವೂ ಅಲ್ಲ.